ಜಗಲಿಯ ಮೇಲಿನ ಚಂದ್ರನ ತುಣುಕು

ನನ್ನ ನೆನಪಿನ ಮೇಲೆ ನನಗೆ ಅಷ್ಟೇನೂ ನಂಬಿಕೆಯಿಲ್ಲ. ಬೆಳಿಗ್ಗೆ ಕನ್ನಡಕ ಎಲ್ಲಿಟ್ಟೆನೆಂಬುದು ಮಧ್ಯಾಹ್ನಕ್ಕೆ ಮರೆತಿರುತ್ತದೆ. ಆದರೆ ಎಂಟನೆಯ ವಯಸ್ಸಿನಲ್ಲಿ ಮನೆದೇವರ ಮೈಮೇಲೆ ಉಗುರಿನಿಂದ ಗೀರು ಎಳೆದದ್ದು ಮಾತ್ರ ನಲವತ್ತು ವರ್ಷ ಮರೆತಿರಲಿಲ್ಲ.

ದೇವರೆಂದರೆ ಮೊರಬದ ನಮ್ಮ ಮನೆಯ ದೇವರಕೋಣೆಯ ಜಗಲಿಯ ಮೇಲಿರುವ ಒಂದು ಬಿಳಿ ಹರಳು. ಜೋಳ ತುಂಬಿಡಲು ಅಜ್ಜ ಹಗೇವು ತೋಡಿಸಿದಾಗ ಎರೆಮಣ್ಣಿನಡಿ ಸಿಕ್ಕಿದ್ದು. ಮನೆಯವರಿಗೆ ಅದು ಚಂದ್ರನ ತುಣುಕು. ಮಕ್ಕಳಿಗೆ ಜ್ವರ ಬಂದರೆ ಹಣೆಗೆ ಮುಟ್ಟಿಸುತ್ತಾರೆ. ವಿಶ್ವವಿದ್ಯಾಲಯ ನನಗೆ ಕಲಿಸಿದ ಹೆಸರು ಜಿಪ್ಸಮ್. ಸವಳು ಹೊಲಕ್ಕೆ ಚೀಲಗಟ್ಟಲೆ ಚೆಲ್ಲುವ ಅದೇ ಪದಾರ್ಥ, ಹರಳಾದರೆ ದೇವರು. ಉಗುರಿಗೂ ಸೋಲುವಷ್ಟು ಮೆತ್ತಗೆ, ನೀರಿನಲ್ಲಿ ನಿಧಾನವಾಗಿ ಸವೆಯುತ್ತದೆ. ಉಳಿದ ದೇವರನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕುವ ಚಿಗವ್ವ, ನನ್ನ ಕಾಕಾನ ಹೆಂಡತಿ, ಇದನ್ನು ಒಣ ಅರಳೆಯಿಂದ ಒರೆಸುತ್ತಾಳೆ, ಅಷ್ಟೇ. ಯಾಕೆಂದರೆ, “ಚಂದ್ರಗ ಥಂಡಿ ಆಗ್ತದ” ಎನ್ನುತ್ತಾಳೆ. ನಾನು ಓದಿದ ರಸಾಯನಶಾಸ್ತ್ರವೂ ಹೇಳುವುದು ಅದನ್ನೇ, ಸ್ವಲ್ಪ ಉದ್ದವಾಗಿ.

ಕಳೆದ ಶ್ರಾವಣದಲ್ಲಿ ಚಿಗವ್ವ ನವಲಗುಂದಕ್ಕೆ ಹೋಗಿದ್ದಾಗ, ಉಪಕಾರ ಮಾಡುವ ಹುರುಪಿನಲ್ಲಿ ಎಲ್ಲ ದೇವರನ್ನೂ ಒಟ್ಟಿಗೇ ಹುಣಸೆನೀರಿನ ಬೋಗುಣಿಗೆ ಹಾಕಿದೆ. ಚಹಾ ಕುಡಿದು ಬಂದರೆ ತಳದಲ್ಲಿ ಚಂದ್ರ! ಗಾಬರಿಯಿಂದ ತೆಗೆದು ಒರೆಸಿದೆ. ಹೊಳಪು ಮಂಕಾಗಿತ್ತು. ಮೂರು ತಲೆಮಾರಿನ ದೇವರನ್ನು ಹಾಳುಮಾಡಿದೆನೆಂದು ಅದಕ್ಕೇ ಕೈಮುಗಿದುಬಿಟ್ಟೆ. ದೇವರನ್ನು ನಂಬದವನಿಗೆ ಈ ಭಕ್ತಿ ಎಲ್ಲಿಂದ ಬಂತೋ!

ಚಿಗವ್ವ ಬಂದೊಡನೆ ಎಲ್ಲವನ್ನೂ ಒಪ್ಪಿಕೊಂಡೆ, ಹಳೆಯ ಗೀರನ್ನೂ ಸೇರಿಸಿ.

ಹರಳನ್ನು ಬೆಳಕಿಗೆ ಹಿಡಿದು ನೋಡಿದಳು. “ಏನೂ ಆಗಿಲ್ಲ ತಗೋ. ನಿಮ್ಮ ಕಾಕಾ ಒಮ್ಮಿ ಮುಂಜಾನಿಂದ ಸಂಜಿತನಾ ನೀರಾಗ ಇಟ್ಟಿದ್ದ. ಆರಿದ ಮ್ಯಾಲೆ ಹೊಳೀತದ.” ಆಮೇಲೆ ನಕ್ಕಳು. “ಆದ್ರ ಈ ಗೀರು ನಿಂದಂತ ಯಾರ ಹೇಳ್ಯಾರಲೇ? ಅದು ನಂದು!”

“ನಿಂದಾ?”

“ಮದುವ್ಯಾಗಿ ಎಂಟ ದಿನಾ ಆಗಿತ್ತು. ಚಂದ್ರನ ತುಣುಕು ಅಂದ್ರ ನಂಬಿಕಿ ಬರ್ಲಿಲ್ಲ. ಹೊಸ ಸೊಸಿ ಅಂತ ಕಲ್ಲಸಕ್ಕರಿ ಇಟ್ಟು ಚಾಷ್ಟಿ ಮಾಡಾಕತ್ತಾರೇನೋ ಅಂತ ಉಗುರ್ಲೆ ಕೆರದ ನೋಡಿದ್ನಿ. ನೀ ಬಾಗಲದಾಗ ನಿಂತಿದ್ದಿ. ಯಾರ ಮುಂದೂ ಹೇಳಬ್ಯಾಡ ಅಂತ ಬೆಲ್ಲಾ ಕೊಟ್ಟಿದ್ನೆಲ್ಲೋ. ತಿಂದು ಮರತಿ?”

ಬೆಲ್ಲ ನನಗೆ ಸ್ವಲ್ಪವೂ ನೆನಪಿಲ್ಲ. ಆ ಗುಟ್ಟನ್ನು ಎಷ್ಟು ಭದ್ರವಾಗಿ ಕಾಪಾಡಿದ್ದೆನೆಂದರೆ, ಕೊನೆಗೆ ನನಗೂ ತಿಳಿಯದಂತೆ ತಪ್ಪನ್ನೇ ನನ್ನ ಹೆಸರಿಗೆ ಬರೆದುಕೊಂಡಿದ್ದೆ. ಈ ಮನೆಯ ಮೊದಲ ಸಂಶಯವಾದಿಯೂ ನಾನಲ್ಲ ಎಂದು ತಿಳಿದು ಎದೆ ಹಗುರಾಯಿತು.

ಹರಳು ಸಂಜೆಗೆ ಮತ್ತೆ ಹೊಳೆಯಿತು. ಈಗ ಅರಳೆಯಿಂದ ಒರೆಸುವ ಕೆಲಸ ನನ್ನದು. ಕೂರುವ ಮೊದಲು ಉಗುರು ಕತ್ತರಿಸಿಕೊಳ್ಳುತ್ತೇನೆ. ಹರಳು ಎಷ್ಟೇ ಮೆತ್ತಗಿದ್ದರೂ, ನನ್ನ ನೆನಪಿಗಿಂತ ಅದು ಗಟ್ಟಿ.