ಸೊನ್ನೆ ಮಕ್ಕಳ ಅಂಗನವಾಡಿ ಮತ್ತು ಲೈನ್‌ಮನ್ ಮಂಜಯ್ಯ

ಕೆರೆಕಟ್ಟೆಯ ಲೈನ್‌ಮನ್ ಮಂಜಯ್ಯನಿಗೆ ಈಗ ಅರವತ್ತೆರಡು ವರ್ಷ. ಪತ್ರಿಕೆಯಲ್ಲಿ ಮೊಬೈಲು, ಇಂಟರ್‌ನೆಟ್ಟು, ಕೃತಕ ಬುದ್ಧಿಮತ್ತೆ ಎಂಬ ಪದಗಳು ಕಂಡರೆ ಅವನು ಕನ್ನಡಕ ಹಾಕಿಕೊಂಡು ಆ ಸುದ್ದಿಯನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾನೆ. ಓದಿದ ಮೇಲೆ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಕುಳಿತುಬಿಡುತ್ತಾನೆ. ಅವನು ಆ ಸುದ್ದಿಗಳಿಗೆ ಕೊಡುವ ಮರ್ಯಾದೆ ಅಷ್ಟೆ.

ನಾನು ಆ ಊರಿನ ಶಾಲೆಯಲ್ಲಿ ಹನ್ನೊಂದು ವರ್ಷ ಪಾಠ ಮಾಡಿದವನು. ನಿವೃತ್ತನಾಗಿ ಕೊಪ್ಪದಲ್ಲಿ ನೆಲೆಸಿದ ಮೇಲೂ ತಿಂಗಳಿಗೊಮ್ಮೆ ಶೃಂಗೇರಿಯಲ್ಲಿ ಬಸ್ಸು ಬದಲಿಸಿ ಅವನಲ್ಲಿಗೆ ಹೋಗುತ್ತೇನೆ. ಅವನು ಸಾಕುವ ಜೇನಿನ ತುಪ್ಪ ತರುವುದು ನೆಪ. ಅವನ ಬೈಗುಳ ಕೇಳುವುದಕ್ಕೇ ಹೋಗುತ್ತೇನೆ ಎಂದರೆ ಸುಳ್ಳಲ್ಲ. ಮೂವತ್ತೈದು ವರ್ಷ ಮಕ್ಕಳಿಗೆ ಒಳ್ಳೆಯ ಮಾತು ಕಲಿಸಿ ದಣಿದವನಿಗೆ ಅದರಲ್ಲೊಂದು ವಿಶ್ರಾಂತಿ ಇದೆ.

ಅವನು ಹುಟ್ಟಾ ಸಿಡುಕನಲ್ಲ. ಸಾವಿರದ ಒಂಬೈನೂರ ಎಂಬತ್ತೈದರಲ್ಲಿ ನರಸಿಂಹರಾಜಪುರದಲ್ಲಿ ದೂರವಾಣಿ ಕಂಬಗಳನ್ನು ಹೊರುವ ದಿನಗೂಲಿಯಾಗಿ ಸೇರಿದ. ಒಂಬತ್ತು ವರ್ಷದ ನಂತರ ಕೆಲಸ ಕಾಯಂ ಆಯಿತು. ಕೊಪ್ಪದಲ್ಲಿ ಕೆಲವು ಕಾಲ ಇದ್ದು, ಕೊನೆಗೆ ತನ್ನೂರಾದ ಕೆರೆಕಟ್ಟೆಗೇ ಬಂದ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯದ ವಾರವಿರಲಿಲ್ಲ. ಹೆಗಲಿಗೆ ತಂತಿಯ ಸುರುಳಿ, ಸೊಂಟಕ್ಕೆ ಇಕ್ಕಳ, ಕಾಲಿಗೆ ರಕ್ತ ಹೀರುವ ಹತ್ತಾರು ಉಂಬಳ. ಹೀಗೆ ಅವನು ಕಾಡಿನೊಳಗೆ ಹೋಗುತ್ತಿದ್ದ. ಸಂಜೆಯ ಹೊತ್ತಿಗೆ ಶಾಲೆಯ ಫೋನು ಬಡಿದುಕೊಳ್ಳುತ್ತಿತ್ತು. ಒಮ್ಮೆ ಕಂಬದ ತುದಿಯಲ್ಲಿ ಕುಳಿತೇ ನನಗೆ ಫೋನು ಮಾಡಿ, ಲೈನು ಸರಿಯಾಯಿತೆಂದೂ, ಮೇಲಿಂದ ನೋಡಿದರೆ ಶಾಲೆಯ ಹಂಚು ಎರಡು ಜಾರಿವೆ, ರಾತ್ರಿಯೊಳಗೆ ಸರಿಮಾಡಿಸಿ ಎಂದೂ ಹೇಳಿದ್ದ. ಅಂಥ ವರದಿಗಾರರು ಈಗ ಯಾವ ವಾಹಿನಿಯಲ್ಲೂ ಇಲ್ಲ.

ಆಮೇಲೆ ಮೊಬೈಲು ಬಂತು. ಒಂದೊಂದಾಗಿ ಮನೆಯವರು ಸ್ಥಿರ ದೂರವಾಣಿಯನ್ನು ಹಿಂತಿರುಗಿಸಿದರು. ಬಿದ್ದ ತಂತಿಯನ್ನು ಎತ್ತಿ ಕಟ್ಟಿದರೂ ಅದರಲ್ಲಿ ಮಾತಾಡುವವರಿಲ್ಲ. ಊರಿನಲ್ಲಿ ಕಂಬ ಉಳಿಯಿತು, ಮಂಜಯ್ಯ ಉಳಿದ. ಎರಡು ಸಾವಿರದ ಇಪ್ಪತ್ತರಲ್ಲಿ ಸ್ವಯಂನಿವೃತ್ತಿ ಎಂಬ ಹೆಸರಿನಲ್ಲಿ ಅವನನ್ನೂ ಮನೆಗೆ ಕಳುಹಿಸಿದರು. ಸ್ವಯಂ ಎಂಬ ಶಬ್ದದ ಅಂಥ ಪ್ರಯೋಗವನ್ನು ನಾನು ಯಾವ ವಿದ್ಯಾರ್ಥಿಯ ಉತ್ತರಪತ್ರಿಕೆಯಲ್ಲೂ ಕಂಡಿಲ್ಲ.

ಶೃಂಗೇರಿಯಲ್ಲಿ ಮೊಬೈಲು ರಿಪೇರಿಯ ಅಂಗಡಿ ತೆರೆದ. ಹದಿನಾಲ್ಕು ತಿಂಗಳಲ್ಲಿ ಬಾಗಿಲು ಹಾಕಿದ. ಅವನು ತಂತಿ ಬೆಸೆಯಬಲ್ಲ. ಆದರೆ ಬಂದವರಿಗೆಲ್ಲ ಬೇಕಾದದ್ದು ಒಡೆದ ಗಾಜಿಗೆ ಬದಲು ಹೊಸ ಗಾಜು. ಆ ಬಳಿಕ ಯೂಟ್ಯೂಬ್ ಸುದ್ದಿವಾಹಿನಿಯ ಇಬ್ಬರು ಅವನ ಮನೆಗೆ ಬಂದು ಜೇನುಪೆಟ್ಟಿಗೆಗಳ ನಡುವೆ ನಿಲ್ಲಿಸಿ ಎರಡು ಗಂಟೆ ಮಾತಾಡಿಸಿದರು. ಅವನು ಹಳೆಯ ತಂತಿಗಳ ಕಥೆ ಹೇಳಿದ್ದ. ಅವರು ಭಯಂಕರ ಸಂಗೀತ ಹಾಕಿ, ‘ದಟ್ಟ ಕಾಡಿನಲ್ಲಿ ಒಂಟಿ ಮನುಷ್ಯನ ನಿಗೂಢ ಬದುಕು’ ಎಂದು ಶೀರ್ಷಿಕೆ ಕೊಟ್ಟರು. ಮೂರು ಲಕ್ಷ ಜನ ನೋಡಿದರಂತೆ. ಬಂದವರಿಗೆ ಎರಡು ಸಲ ಕಾಫಿ, ಒಂದು ಸಲ ಕಡುಬು ಕೊಟ್ಟಿದ್ದ ಅವನ ಹೆಂಡತಿ ವನಜಮ್ಮ ಆ ವೀಡಿಯೋದಲ್ಲಿ ಎಲ್ಲಿಯೂ ಇರಲಿಲ್ಲ.

“ನಾನು ಇದೀನೋ ಇಲ್ವೋ ಅಂತ ಅವರ ಹತ್ರನೇ ಕೇಳ್ಬೇಕು ಮೇಷ್ಟ್ರೆ,” ಎಂದಳು ಆಕೆ. “ಕಡುಬು ಮಾತ್ರ ನಿಗೂಢವಾಗಿ ಖಾಲಿ ಆಗಿತ್ತು.”

ಅಂದಿನಿಂದ ಮಂಜಯ್ಯನ ತಿರಸ್ಕಾರ ಪೂರ್ಣವಾಯಿತು. ಯಂತ್ರವೇ ಹೆಣ್ಣಿನ ರೂಪ ತಾಳಿ ವಾರ್ತೆ ಓದುತ್ತದೆ ಎಂಬ ಸುದ್ದಿ ಬಂದಾಗ, ಇಷ್ಟು ದಿನ ಓದುತ್ತಿದ್ದವರಿಗೂ ತಿಳಿವಳಿಕೆ ಇರಲಿಲ್ಲ, ಆದ್ದರಿಂದ ನಷ್ಟವೇನೂ ಆಗಿಲ್ಲ ಎಂದ. ಆಕಾಶದ ಉಪಗ್ರಹದಿಂದ ನೇರವಾಗಿ ಹಳ್ಳಿಹಳ್ಳಿಗೆ ಇಂಟರ್‌ನೆಟ್ಟು ಎಂಬ ಸುದ್ದಿಯನ್ನು ಒಂದೇ ವರ್ಷದಲ್ಲಿ ಏಳು ಸಲ ಓದಿ ಏಳು ಸಲವೂ ಅದರ ಮೇಲೆ ಕುಳಿತ. ನಾನೂ ಅವನೊಂದಿಗೆ ನಗುತ್ತಿದ್ದೆ. ನಗುವುದಕ್ಕೆ ಖರ್ಚಿಲ್ಲ, ನಾನಿರುವ ಕೊಪ್ಪದಲ್ಲಿ ಸಿಗ್ನಲ್ಲು ಚೆನ್ನಾಗಿದೆ.

ಹೋದ ವರ್ಷ ಮಾತ್ರ ನಗು ನಿಂತಿತು. ಕೆರೆಕಟ್ಟೆಯಿಂದ ಒಳಗೆ ಹಾಡಿಮನೆ ಎಂಬ ಸಣ್ಣ ಕೇರಿ ಇದೆ. ಅಲ್ಲಿನ ಅಂಗನವಾಡಿಯಲ್ಲಿ ಕೆಲಸ ಮಾಡುವ ಸರೋಜ ನನ್ನ ಹಳೆಯ ವಿದ್ಯಾರ್ಥಿನಿ. ಅವಳ ಕೇಂದ್ರದಲ್ಲಿ ಹನ್ನೊಂದು ಮಕ್ಕಳಿದ್ದರು. ಪ್ರತಿದಿನ ಆ ಮಕ್ಕಳ ಹಾಜರಿಯನ್ನು ಫೋಟೊ ಸಮೇತ ಇಲಾಖೆಯ ಆ್ಯಪಿನಲ್ಲಿ ಹಾಕಬೇಕೆಂದು ಆದೇಶವಾಯಿತು. ಫೋಟೊ ಕೇಂದ್ರದ ಒಳಗಿನಿಂದಲೇ ಹೋಗಬೇಕು. ಬೇರೆ ಕಡೆಯಿಂದ ಕಳುಹಿಸಿದರೆ ಯಂತ್ರ ಒಪ್ಪುವುದಿಲ್ಲ. ಹಾಡಿಮನೆಯಲ್ಲಿ ಸಿಗ್ನಲ್ಲು ಸಿಗುವುದು ಗುಡ್ಡದ ಮೇಲಿನ ಒಂದು ಬಂಡೆಯ ಹತ್ತಿರ ಮಾತ್ರ. ಸರೋಜ ಒಂದು ವಾರ ಹತ್ತಿ ಇಳಿದಳು. ಆ್ಯಪು ಪ್ರತಿದಿನವೂ, ನೀವು ಕೇಂದ್ರದಲ್ಲಿಲ್ಲ ಎಂದಿತು. ಕೆಳಗಿಳಿದರೆ ಏನನ್ನೂ ಹೇಳದೆ ಸುಮ್ಮನೆ ತಿರುಗುತ್ತಿತ್ತು.

ಎರಡು ತಿಂಗಳಾದ ಮೇಲೆ ಮೇಲ್ವಿಚಾರಕಿ ಬಂದರು. ಮಕ್ಕಳು ಸಾಲಾಗಿ ಕುಳಿತಿದ್ದರು. ಒಬ್ಬಳು ಅವರ ಕೈಚೀಲದ ಜಿಪ್ಪು ಎಳೆದಳು, ಮತ್ತೊಬ್ಬ ಅವರ ಸೀರೆಗೆ ಮೂಗು ಒರೆಸಿದ. ಅವರು ಸೀರೆ ಕೊಡವಿಕೊಂಡು, ಫೋನು ನೋಡಿ, ಪುಸ್ತಕದಲ್ಲಿ ಫಲಾನುಭವಿಗಳ ಸಂಖ್ಯೆ ಸೊನ್ನೆ ಎಂದು ಬರೆದರು. ಮುಂದಿನ ತಿಂಗಳೂ ಸೊನ್ನೆಯಾದರೆ ಈ ಕೇಂದ್ರವನ್ನು ನಾಲ್ಕು ಕಿಲೋಮೀಟರು ಆಚೆಯ ಕೇಂದ್ರಕ್ಕೆ ಸೇರಿಸಲಾಗುವುದು ಎಂದು ತಿಳಿಸಿದರು. ಮೂರು ವರ್ಷದ ಕೂಸುಗಳು ಹಳ್ಳ ದಾಟಿ ಅಷ್ಟು ದೂರ ನಡೆಯುವುದಿಲ್ಲ. ಅವುಗಳ ಮಧ್ಯಾಹ್ನದ ಊಟ ನಿಲ್ಲುತ್ತದೆ, ಕೂಲಿಗೆ ಹೋಗುವ ತಾಯಂದಿರು ಅವುಗಳನ್ನು ಎಲ್ಲಿ ಬಿಡಬೇಕೆಂದು ಯಾರೂ ಹೇಳಲಿಲ್ಲ.

ಸರೋಜ ಮಂಜಯ್ಯನ ಮನೆಗೆ ಬಂದ ದಿನ ನಾನು ಅಲ್ಲಿದ್ದೆ. ಅವಳು ಅಳಲಿಲ್ಲ. ಜಗಲಿಯ ಅಂಚಿನಲ್ಲಿ ಕುಳಿತು ವಿಷಯವನ್ನೆಲ್ಲ ಹೇಳಿದಳು. ಮಂಜಯ್ಯ ಎಂದಿನಂತೆ ಆ್ಯಪು ಮಾಡಿದವನ ಬುದ್ಧಿಯನ್ನೂ ಮೇಲ್ವಿಚಾರಕಿಯ ಕಣ್ಣನ್ನೂ ವರ್ಣಿಸತೊಡಗಿದ. ಅವಳು ಅವನ ಮಾತು ಮುಗಿಯುವವರೆಗೆ ಕಾದಳು.

“ಮಂಜಣ್ಣ, ಅವರನ್ನ ಬೈಯದು ನಂಗೂ ಬರ್ತದೆ,” ಎಂದಳು. “ಅವತ್ತು ಟವರ್ ಬೇಡ ಅಂದವರು ನೀವು.”

ವನಜಮ್ಮ ಒಳಗೆ ಹೋದಳು. ನಾನು ಅಂಗಳ ನೋಡಿದೆ.

ವಿಷಯ ಹೀಗಿತ್ತು. ಎರಡು ಸಾವಿರದ ಹದಿನೇಳರಲ್ಲಿ ಒಂದು ಕಂಪನಿಯವರು ಹಾಡಿಮನೆಯ ಗುಡ್ಡದಲ್ಲಿ ಮೊಬೈಲು ಟವರು ಹಾಕಲು ಜಾಗ ನೋಡಿದ್ದರು. ಮಂಜಯ್ಯನ ಭಾವನ ತೋಟ ನರಸಿಂಹರಾಜಪುರದ ಶೆಟ್ಟಿಕೊಪ್ಪದಲ್ಲಿದೆ. ಅಲ್ಲಿ ಟವರು ಬಂದ ವರ್ಷವೇ, ತಾನು ಆ ತೋಟದಲ್ಲಿ ಇಟ್ಟಿದ್ದ ನಾಲ್ಕು ಪೆಟ್ಟಿಗೆ ಜೇನು ಬಿಟ್ಟು ಹೋಯಿತೆಂದು ಅವನು ಗ್ರಾಮಸಭೆಯಲ್ಲಿ ಎದ್ದು ಹೇಳಿದ. ಟವರಿನ ಕಿರಣಕ್ಕೆ ಜೇನು ಸಾಯುತ್ತದೆ, ಜೇನು ಹೋದರೆ ಅಡಕೆಯ ಹಿಂಗಾರದ ಹೂವು ಕಾಯಿ ಕಚ್ಚುವುದಿಲ್ಲ ಎಂದು ಪತ್ರಿಕೆಯಲ್ಲಿ ಬಂದಿದ್ದನ್ನು ಓದಿ ತೋರಿಸಿದ. ಫೋನಿನ ವಿಷಯ ಲೈನ್‌ಮನ್‌ಗಿಂತ ಹೆಚ್ಚು ಯಾರಿಗೆ ಗೊತ್ತು? ಎಲ್ಲರೂ ಒಪ್ಪಿ ಅರ್ಜಿಗೆ ಸಹಿ ಮಾಡಿದರು. ಆಗ ಆ ಊರಿನ ಶಾಲೆಯಲ್ಲೇ ಇದ್ದ ನಾನು ಅರ್ಜಿಯ ಕಾಗುಣಿತ ತಿದ್ದಿಕೊಟ್ಟಿದ್ದೆ. ಸಂಗತಿಯನ್ನು ತಿದ್ದುವ ಯೋಗ್ಯತೆ ನನಗಿರಲಿಲ್ಲ. ಟವರು ಬೇರೆ ಊರಿಗೆ ಹೋಯಿತು.

ಸರೋಜ ಹೋದ ಮೇಲೆ ಮಂಜಯ್ಯ ಎದ್ದು ಅಂಗಳಕ್ಕಿಳಿದ. ಆಮೇಲೆ ಲೆಕ್ಕ ಹಾಕುವವನಂತೆ ಒಂದೊಂದನ್ನೇ ಗಟ್ಟಿಯಾಗಿ ಹೇಳಿಕೊಳ್ಳತೊಡಗಿದ. ಪಂಚಾಯಿತಿ ಕಚೇರಿಗೆ ಫೈಬರ್ ಸಂಪರ್ಕ ಬಂದಿದೆ. ಅಲ್ಲಿಂದ ಅಂಗನವಾಡಿಗೆ ಒಂದು ಕಿಲೋಮೀಟರಿಗಿಂತ ಸ್ವಲ್ಪ ಕಡಿಮೆ. ನಡುವೆ ಅವನೇ ನೆಟ್ಟ ಹಳೆಯ ಕಬ್ಬಿಣದ ಕಂಬಗಳು ಹದಿನೆಂಟು ಇದ್ದವು. ಮೂರು ಬಾಗಿದ್ದವು, ಒಂದನ್ನು ಯಾರೋ ಎಮ್ಮೆ ಕಟ್ಟಲು ಕಿತ್ತೊಯ್ದಿದ್ದರು. ಅದು ಯಾರೆಂದೂ ಅವನಿಗೆ ಗೊತ್ತಿತ್ತು. ಫೈಬರ್ ಎಳೆ ಬೆಸೆಯುವ ಯಂತ್ರ ಅವನ ಹಳೆಯ ಜೊತೆಗಾರ, ಕೊಪ್ಪದ ಜಯದೇವಪ್ಪನಲ್ಲಿತ್ತು. ಬೇಕಾದದ್ದು ಪಂಚಾಯಿತಿಯ ಒಪ್ಪಿಗೆ ಒಂದೇ.

ಅದೇ ವಾರದ ಗ್ರಾಮಸಭೆಗೆ ನಾನೂ ಹೋದೆ. ಮಂಜಯ್ಯ ಎದ್ದು ತನ್ನ ಬೇಡಿಕೆ ಹೇಳಿದ. ಹಾಡಿಮನೆಯ ಪಂಚಾಯಿತಿ ಸದಸ್ಯ ಹೂವಪ್ಪ ಒಳ್ಳೆಯ ಮನುಷ್ಯ, ಆದರೆ ಸಭೆಯಲ್ಲಿ ಸಿಕ್ಕ ಅವಕಾಶವನ್ನು ಬಿಡುವವನಲ್ಲ.

“ಎಂತ ಮಾರಾಯ, ಈಗ ನಿನ್ನ ಜೇನಿಗೆ ತೊಂದ್ರೆ ಇಲ್ವನ?” ಎಂದು ಕೇಳಿದ. “ಎಂಟು ವರ್ಷದಿಂದ ನನ್ನ ಮಗಳು ಬಂಡೆ ಮೇಲೆ ಕೊಡೆ ಹಿಡ್ಕಂಡು ಕೂತು ಓದಿದ್ಲು. ಅವಳಿಗೂ ರೆಕ್ಕೆ ಇದ್ದಿದ್ರೆ ನಿನ್ನ ಕಣ್ಣಿಗೆ ಬೀಳ್ತಿದ್ಲೇನೋ.”

ಜನ ನಕ್ಕರು. ಮಂಜಯ್ಯ ಇಂಥ ನಗುವಿಗೆ ನಾಲ್ಕು ಪಟ್ಟು ತಿರುಗಿ ಕೊಟ್ಟು ಕೂರುವವನು. ಅಂದು ಮೇಜಿನ ಅಂಚು ಹಿಡಿದುಕೊಂಡು ನಿಂತಿದ್ದ.

“ಜೇನು ಹೋಗಿದ್ದು ಟವರಿಗಲ್ಲ,” ಎಂದ. “ಆ ಮಳೆಗಾಲ ನಾನು ಶೆಟ್ಟಿಕೊಪ್ಪಕ್ಕೆ ಹೋಗಲೇ ಇಲ್ಲ. ಎರಡು ತಿಂಗಳು ಸಕ್ಕರೆ ಪಾಕ ಇಡಲಿಲ್ಲ. ಹಸಿವಿಗೆ ಬಿಟ್ಟು ಹೋದವು. ನಂಗೆ ಅವತ್ತೇ ಗೊತ್ತಿತ್ತು.”

ಜೇನು ಸಾಕಿದ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಆಷಾಢ ಶ್ರಾವಣದಲ್ಲಿ ಹೂವಿರುವುದಿಲ್ಲ. ಪೆಟ್ಟಿಗೆಯಲ್ಲಿ ಪಾಕ ಇಡದಿದ್ದರೆ ಹುಳ ಉಳಿಯುವುದಿಲ್ಲ. ಆ ಊರಿನಲ್ಲಿ ಇದು ಐದನೆಯ ತರಗತಿಯ ಮಕ್ಕಳಿಗೂ ಗೊತ್ತು. ಅಂಥ ಸಭೆಯಲ್ಲಿ ಕುಳಿತವರೇ ಎಂಟು ವರ್ಷದ ಹಿಂದೆ ಪತ್ರಿಕೆಯಲ್ಲಿ ಬಂದಿದೆ ಎಂಬ ಒಂದೇ ಕಾರಣಕ್ಕೆ ತಮಗೆ ಗೊತ್ತಿದ್ದುದನ್ನು ಮರೆತಿದ್ದರು. ಈಗ ಕೆಲವರು ತಮ್ಮ ಚಪ್ಪಲಿ ನೋಡಿಕೊಂಡರು.

ಮತ್ತೇಕೆ ಹಾಗೆ ಹೇಳಿದೆ ಎಂದು ಹೂವಪ್ಪ ಮೆಲ್ಲಗೆ ಕೇಳಿದ.

“ಟವರ್ ಬಂದ್ರೆ ಹಾಡಿಮನೇಲಿ ಉಳಿದಿದ್ದ ಆರು ಫೋನ್ ಲೈನೂ ಹೋಗ್ತಿತ್ತು. ಆಮೇಲೆ ನನ್ನ ಯಾರು ಕರೀತಿದ್ರು?”

ಇಷ್ಟು ಹೇಳಿ ಅವನು ಕುಳಿತ. ಸಹಿ ಹಾಕಿದವರಲ್ಲಿ ಒಬ್ಬನಾದರೂ ಎದ್ದು, ನಾವೂ ಯೋಚಿಸಬೇಕಿತ್ತು ಎನ್ನಬಹುದಿತ್ತು. ಕಾಗುಣಿತ ತಿದ್ದಿದವನೂ ಎದ್ದು ಹೇಳಬಹುದಿತ್ತು. ನಾನು ಹೇಳಲಿಲ್ಲ, ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೊಸ ಟವರಿಗೆ ಮತ್ತೆ ಅರ್ಜಿ ಬರೆಯುವುದೆಂದೂ, ಅದು ಬರುವವರೆಗೆ ಮಂಜಯ್ಯ ತಂತಿ ಎಳೆಯಬಹುದೆಂದೂ ಸಭೆ ಒಪ್ಪಿತು.

ಕೆಲಸಕ್ಕೆ ಒಂಬತ್ತು ದಿನ ಹಿಡಿಯಿತು. ಜಯದೇವಪ್ಪ ಎರಡು ದಿನ ಬಂದು ಹೋದ. ಅರವತ್ತೊಂದರ ವಯಸ್ಸಿನಲ್ಲಿ ಕಂಬ ಹತ್ತುವವನನ್ನು ನೋಡಲು ಹಾಡಿಮನೆಯ ಮಕ್ಕಳೆಲ್ಲ ಬುಡದಲ್ಲಿ ನೆರೆಯುತ್ತಿದ್ದರು. ಹೂವಪ್ಪ ತಾನೇ ಬಂದು ಬಾಗಿದ ಕಂಬಗಳಿಗೆ ಹಗ್ಗ ಹಿಡಿದ. ಹಿಡಿದಷ್ಟು ಹೊತ್ತೂ ಜೇನಿನ ಮಾತೆತ್ತಿ ಚುಚ್ಚುತ್ತಿದ್ದ. ಮಂಜಯ್ಯ ಮುಂದಿನ ಕಂಬ ಹತ್ತುತ್ತಿದ್ದ. ಎಮ್ಮೆ ಕಟ್ಟಿದ್ದ ಕಂಬವೂ ಒಂದು ಬೆಳಿಗ್ಗೆ ತನ್ನ ಜಾಗದ ಪಕ್ಕದಲ್ಲಿ ಬಂದು ಬಿದ್ದಿತ್ತು. ಹತ್ತನೆಯ ದಿನ ಸರೋಜ ಕೇಂದ್ರದೊಳಗೆ ನಿಂತು ಫೋಟೊ ತೆಗೆದಳು. ಆ್ಯಪು ಸ್ವಲ್ಪ ತಿರುಗಿ, ಹನ್ನೊಂದು ಎಂದು ಒಪ್ಪಿಕೊಂಡಿತು.

ಮಾರನೆಯ ವಾರ ಒಂದು ಪತ್ರಿಕೆಯಲ್ಲಿ ‘ಕಾಡಂಚಿಗೂ ತಲುಪಿದ ಡಿಜಿಟಲ್ ಕ್ರಾಂತಿ’ ಎಂದು ಸುದ್ದಿ ಬಂತು. ಚಿತ್ರದಲ್ಲಿ ಯಾರೋ ಅಧಿಕಾರಿ ಒಂದು ಫೋನಿನತ್ತ ಬೆರಳು ತೋರಿಸುತ್ತಿದ್ದರು. ಕ್ರಾಂತಿ ಯಾವ ಕಂಬ ಹತ್ತಿ ಬಂತೆಂದು ಬರೆದಿರಲಿಲ್ಲ. ಹೀಗೆ ಬರೆಯುವವರು ಒಮ್ಮೆಯಾದರೂ ಬಸ್ಸಿನಿಂದ ಇಳಿದು ನೋಡುತ್ತಾರೆಂದು ನಾನು ಈಗ ನಿರೀಕ್ಷಿಸುವುದಿಲ್ಲ. ನಾನು ಸಿಟ್ಟಿನಿಂದ ಸಂಪಾದಕರಿಗೆ ಪತ್ರ ಬರೆಯುತ್ತೇನೆಂದರೆ ಮಂಜಯ್ಯ ಬೇಡವೆಂದ. ಬರೆದರೆ ಜೇನಿನ ಕಥೆಯನ್ನೂ ಬರೆಯಬೇಕಾಗುತ್ತದೆ, ಅದನ್ನು ಅವರು ಹೇಗೆ ಹಾಕುತ್ತಾರೋ ಗೊತ್ತಿಲ್ಲ ಎಂದ. ಅವನ ಮಾತು ಸರಿಯಾಗಿತ್ತು.

ತಿಂಗಳ ಕೊನೆಗೆ ಮೇಲ್ವಿಚಾರಕಿ ಮತ್ತೆ ಬಂದರು. ಆ ದಿನ ಕೇರಿಯಲ್ಲಿ ಮಕ್ಕಳಿಗೆ ಸೀತಾಳೆಸಿಡುಬು ಹಬ್ಬಿತ್ತು. ಕೇಂದ್ರದಲ್ಲಿ ಇದ್ದವರು ಇಬ್ಬರು ಮಕ್ಕಳು, ಸರೋಜ ಮತ್ತು ಬಾಗಿಲ ಬಳಿ ತಂತಿಗೆ ಕ್ಲಿಪ್ಪು ಹೊಡೆಯುತ್ತಿದ್ದ ಮಂಜಯ್ಯ. ಸರೋಜ ಗಾಬರಿಯಿಂದ ವಿವರಿಸಲು ಹೊರಗೆ ಓಡಿದಳು. ಮೇಲ್ವಿಚಾರಕಿ ಜೀಪಿನಿಂದ ಇಳಿಯಲೇ ಇಲ್ಲ. ಒಳಗೆ ಕುಳಿತೇ ಫೋನು ನೋಡಿ, ತಿಂಗಳ ಸಂಖ್ಯೆ ಸರಿಯಾಗಿದೆ, ಕೇಂದ್ರ ಮುಂದುವರಿಯುತ್ತದೆ ಎಂದು ಹೇಳಿ ಜೀಪು ತಿರುಗಿಸಿದರು.

ಸರೋಜ ಒಳಗೆ ಬಂದು ಗೋಡೆಗೆ ಒರಗಿ ನಿಂತಳು. ಅವಳಿಗೆ ನಗು ಬರುತ್ತಿತ್ತೋ ಅಳುವೋ ತಿಳಿಯಲಿಲ್ಲ ಎಂದು ಮಂಜಯ್ಯ ಆಮೇಲೆ ನನಗೆ ಹೇಳಿದ. ಅವನು ಕ್ಲಿಪ್ಪು ಹೊಡೆಯುವುದನ್ನು ನಿಲ್ಲಿಸಲಿಲ್ಲವಂತೆ.

“ಒಲೆ ಹಚ್ಚು ಮಾರಾಯ್ತಿ,” ಎಂದನಂತೆ. “ಆ ಎರಡಕ್ಕೆ ಹಸಿವಾಗಿದೆ.”