ಯಾರೊಬ್ಬಾಮನ ಕೈ

ಭದ್ರಾವತಿಯ ಆ ಕಡೆಯಲ್ಲಿ ಗೇಟು, ಕಿಟಕಿ ಗ್ರಿಲ್ಲು ಮಾಡಿಸುವವರು ಅರುಳಪ್ಪನ ವೆಲ್ಡಿಂಗ್ ಶಾಪಿಗೇ ಬರುತ್ತಿದ್ದರು. ಐವತ್ತು ದಾಟಿದ್ದರೂ ಕೆಲಸದಲ್ಲಿ ಅವನ ಕೈ ನಡುಗಿದ್ದಿಲ್ಲ. ಭಾನುವಾರ ಮಾತ್ರ ಶಟರ್ ಎಳೆದು, ಹೆಂಡತಿ ಪುಷ್ಪಮ್ಮನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಪ್ರಾರ್ಥನಾ ಮನೆಗೆ ಹೋಗುತ್ತಿದ್ದ. ಪುಷ್ಪಮ್ಮ ಮದುವೆಯಾದ ಮೇಲೆ ಯೇಸುವನ್ನು ನಂಬಿದವಳು. ನಂಬಿಕೆಯಲ್ಲಿ ಗಂಡನಿಗಿಂತ ಗಟ್ಟಿ.

ಒಂದು ಭಾನುವಾರ ಆರಾಧನೆಯ ನಡುವೆ ರಕ್ಷಾ ಎಂಬ ಕಾಲೇಜು ಹುಡುಗಿಗೆ ಫಿಟ್ಸ್ ಬಂತು. ಪಾಸ್ಟರ್ ವೇದಿಕೆಯಿಂದ ಇಳಿದು, ದೆವ್ವ ಬಿಡಿಸುತ್ತೇನೆಂದು, ನೆಲದ ಮೇಲೆ ಒದ್ದಾಡುತ್ತಿದ್ದವಳ ಕೂದಲು ಹಿಡಿದು ಕೆನ್ನೆಗೆ ಬಾರಿಸತೊಡಗಿದ. ಅವಳ ತುಟಿ ಒಡೆಯಿತು. ಅರುಳಪ್ಪ ಎದ್ದು ಹೋಗಿ ಅವನ ಮಣಿಕಟ್ಟು ಹಿಡಿದ.

"ಬಿಡಿ ಅಯ್ಯಾ, ಅದು ಕಾಯಿಲೆ. ಆಸ್ಪತ್ರೆಗೆ ಕರ್ಕೊಂಡ್ ಹೋಗೋಣ."

ಪಾಸ್ಟರ್ ಕೈ ಕೊಡವಿಕೊಂಡ. "ಯಾರ ಮೇಲೆ ಕೈ ಹಾಕಿದ್ದೀಯ ಗೊತ್ತಾ ಬ್ರದರ್?"

ಆ ವಾರ ಕಳೆಯುವುದರೊಳಗೆ ಅರುಳಪ್ಪ ಶಾಪಿನಲ್ಲೇ ಕುಸಿದು ಬಿದ್ದ. ಬಿಪಿ ಏರಿ ಸ್ಟ್ರೋಕ್ ಆಗಿದೆ, ಮಾತ್ರೆ ಬಿಡಬೇಡಿ, ಫಿಸಿಯೋಥೆರಪಿ ಮಾಡಿಸಿ ಎಂದರು ಶಿವಮೊಗ್ಗದ ಡಾಕ್ಟರು. ಮಾತು, ನಡಿಗೆ ಬೇಗ ಮರಳಿದವು. ಬಲಗೈ ಮಾತ್ರ ಬರಲಿಲ್ಲ.

ಅವನು ಮತ್ತೆ ಸಭೆಗೆ ಹೋದ ದಿನ ಪಾಸ್ಟರ್ ಯಾರೊಬ್ಬಾಮ ರಾಜನ ಕಥೆ ಹೇಳಿದ. ದೇವರ ಮನುಷ್ಯನನ್ನು ಹಿಡಿಯಿರೆಂದು ಆ ರಾಜ ಕೈ ಚಾಚಿದ್ದ; ಚಾಚಿದ ಕೈ ಹಾಗೇ ಒಣಗಿತು, ಹಿಂದಕ್ಕೆ ಎಳೆದುಕೊಳ್ಳಲು ಆಗಲಿಲ್ಲ. ಅರುಳಪ್ಪನ ಹೆಸರು ಹೇಳುವ ಅಗತ್ಯವೇ ಇರಲಿಲ್ಲ. ಜನ ತಿರುಗಿ ತಿರುಗಿ ಅವನನ್ನೇ ನೋಡಿದರು. ಮುಂದಿನ ಸಾಲಿನಲ್ಲಿದ್ದ ರಕ್ಷಾಳ ತಾಯಿ ಎಲ್ಲರಿಗಿಂತ ಜೋರಾಗಿ "ಆಮೆನ್" ಅಂದಳು.

"ಆ ದೇವರ ಮನುಷ್ಯ ಪ್ರಾರ್ಥನೆ ಮಾಡಿದ್ಮೇಲೆ ರಾಜನ ಕೈ ಸರಿಹೋಯ್ತಂತಲ್ಲ," ಎಂದಳು ಪುಷ್ಪಮ್ಮ, ಮನೆಗೆ ಬಂದ ಮೇಲೆ. "ಹೋಗಿ ತಪ್ಪಾಯ್ತು ಅನ್ರೀ. ನಿಮ್ಮ ಹಟಕ್ಕೆ ನಾನು ಎಷ್ಟ್ ದಿನ ಅನ್ನ ಕಲಸಿ ತಿನ್ನಿಸ್ಲಿ?"

ಅವನು ಸಭೆಯ ಮುಂದೆ ಮೊಣಕಾಲೂರಿದ. ಪಾಸ್ಟರ್ ತೋಳಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿ, "ಎತ್ತು!" ಎಂದು ಅಬ್ಬರಿಸಿದ. ಕೈ ಏಳಲಿಲ್ಲ.

"ಒಳಗೆ ಇನ್ನೂ ಏನೋ ಮುಚ್ಚಿಟ್ಟಿದ್ದೀಯ."

ಅಲ್ಲಿಂದ ಪ್ರತಿ ಭಾನುವಾರ ಅರುಳಪ್ಪ ತನ್ನ ಪಾಪಗಳನ್ನು ಕೆದಕಿ ತೆಗೆದ. ಚಿಕ್ಕಂದಿನ ಕಳ್ಳತನ, ಅಪ್ಪನಿಗೆ ಕೈ ಎತ್ತಿದ್ದು, ಕದ್ದು ಕುಡಿದದ್ದು, ಎಲ್ಲ ಹೇಳಿದ. ಹೇಳುವುದಕ್ಕೆ ಇನ್ನೇನೂ ಉಳಿಯಲಿಲ್ಲ.

"ಹೆಣ್ಣಿನ ವಿಷಯ?" ಎಂದ ಪಾಸ್ಟರ್.

ಎಲ್ಲರೂ ಕಾಯುತ್ತಿದ್ದರು. ಇದೊಂದು ಹೇಳಿಬಿಟ್ಟರೆ ಕೈ ಬಂದೀತೇನೋ ಎನ್ನಿಸಿತು. ಅಂಥದ್ದೇನೂ ನಡೆದಿರಲಿಲ್ಲ, ಆದರೂ ಬಾಯಿಗೆ ಬಂದದ್ದು ಹೆಂಡತಿಯ ತಂಗಿಯ ಹೆಸರು.

"ಭವಾನಿ ಜೊತೆ..."

ಕೈ ಏಳಲಿಲ್ಲ. ಪುಷ್ಪಮ್ಮ ಎದ್ದು ಹೊರಗೆ ನಡೆದಳು.

ಶಿವಮೊಗ್ಗದ ಗೋಪಾಳದಲ್ಲಿದ್ದ ಭವಾನಿಗಿಂತ ಮೊದಲು ಅವಳ ಗಂಡ ಗಣೇಶನಿಗೆ ಸುದ್ದಿ ಮುಟ್ಟಿತು. ಅವಳು ಭದ್ರಾವತಿಗೆ ಬಂದಾಗ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಹೊಸ್ತಿಲಾಚೆಯೇ ನಿಂತು ಕೇಳಿದಳು:

"ನಾನು ಏನ್ ಮಾಡಿದ್ದೆ ಭಾವ ನಿಮ್ಗೆ?"

"ಕೈ ಬರ್ಲಿ ಅಂತ ಹೇಳ್ದೆ ಕಣಮ್ಮ."

"ಬಂತಾ?"



ಮುಂದಿನ ಭಾನುವಾರ ಅವನು ಸಭೆಯಲ್ಲಿ ಎದ್ದು ನಿಂತು, ಭವಾನಿಯ ಬಗ್ಗೆ ಹೇಳಿದ್ದು ಸುಳ್ಳು ಎಂದು ಕೂಗಿದ. ಪಾಸ್ಟರ್ ಅವಸರ ಮಾಡದೆ ಬೈಬಲಿನ ಹಾಳೆ ತಿರುವಿ, ಪವಿತ್ರಾತ್ಮನಿಗೆ ಸುಳ್ಳು ಹೇಳಿ ಅಲ್ಲೇ ಬಿದ್ದು ಸತ್ತ ಅನನೀಯನ ಕಥೆ ತೆಗೆದ. "ನಿನಗೆ ಹೋಗಿರೋದು ಕೈ ಮಾತ್ರ. ಕೃಪೆ ಅಂತ ತಿಳ್ಕೋ," ಎಂದ.

ಹೇಳಿದ್ದು ಸುಳ್ಳೆಂಬ ಗಂಡನ ಮಾತನ್ನು ಪುಷ್ಪಮ್ಮನೂ ಒಪ್ಪಲಿಲ್ಲ. "ಅಷ್ಟ್ ಜನದ ಮುಂದೆ ಯಾರಾದ್ರೂ ಸುಳ್ಳು ಹೇಳಿ ತಮ್ಮ ಮಾನ ತಾವೇ ಕಳ್ಕೋತಾರಾ? ಆವತ್ತು ಹೇಳಿದ್ದೇ ನಿಜ," ಎಂದವಳು ಬಟ್ಟೆ ತುಂಬಿಕೊಂಡು ಸೋಗಾನೆಯ ತಮ್ಮನ ಮನೆಗೆ ಹೊರಟುಹೋದಳು.

ಈಗ ಅರುಳಪ್ಪ ಒಬ್ಬನೇ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಫಿಸಿಯೋಥೆರಪಿಗೆ ಹೋಗುತ್ತಾನೆ. ಮೊನ್ನೆ ಹೆಬ್ಬೆರಳು ಅಲುಗಿತು. ವ್ಯಾಯಾಮ ಮಾಡಿಸುವ ಹುಡುಗಿ ಕುಣಿದಾಡಿಬಿಟ್ಟಳು. "ಸೂಪರ್ ಅಂಕಲ್! ಆಂಟಿಗೆ ಫೋನ್ ಮಾಡಿ ಹೇಳಿ."

ಅವನು ಮಾಡಲಿಲ್ಲ. ಪುಷ್ಪಮ್ಮನಿಗೆ ಗೊತ್ತಾದರೆ ಸಭೆಗೆ ಗೊತ್ತಾಗುತ್ತದೆ. ಸಭೆಗೆ ಗೊತ್ತಾದರೆ, ಭವಾನಿಯ ಜೊತೆಗಿನ ಪಾಪ ಒಪ್ಪಿಕೊಂಡಿದ್ದಕ್ಕೇ ಕೈ ಬಂತು ಎನ್ನುತ್ತಾರೆ. ಎಡಗೈಯಿಂದ ಬಲಗೈಯನ್ನೆತ್ತಿ ಪ್ಯಾಂಟಿನ ಜೇಬಿಗೆ ತುರುಕಿಕೊಂಡು ಅವನು ಬಸ್ ಸ್ಟ್ಯಾಂಡಿನ ಕಡೆ ನಡೆದ.