ಪೆನ್ಸಿಲಿನಲ್ಲಿ ಬರೆದದ್ದು

ಹಾಜರಿ ಪುಸ್ತಕವೊಂದನ್ನು ಬಿಟ್ಟರೆ ಅವಳ ನಿಜವಾದ ಹೆಸರು ನಮ್ಮ ಪ್ರಯೋಗಾಲಯದಲ್ಲಿ ಇನ್ನೆಲ್ಲೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಪೆನ್ಸಿಲಕ್ಕ. ತುರುಬಿಗೆ ಸಿಕ್ಕಿಸಿಕೊಂಡ ಮೊಂಡು ಪೆನ್ಸಿಲ್ ಇಲ್ಲದೆ ಅವಳನ್ನು ನಾನು ಕಂಡದ್ದೇ ಇಲ್ಲ. ನಾನು ಇಲಿಮನೆಯವನು. ಇಲಿ, ಮೊಲಗಳ ಹೊಟ್ಟೆ ನೋಡಿಕೊಂಡು, ಗೂಡು ತೊಳೆದು, ಕೇಳಿದ ದಿನ ಕೇಳಿದಷ್ಟನ್ನು ಒಪ್ಪಿಸುವುದು ನನ್ನ ಕೆಲಸ. ಅಲ್ಲಿಂದ ಮುಂದಿನದು ಅವಳ ಕೈ.

ಆ ಕೈಯನ್ನು ನೀವು ನೋಡಬೇಕಿತ್ತು. ಒಂದು ಇಲಿಯಿಂದ ಲಿವರ್, ಕಿಡ್ನಿ, ಹೃದಯ, ಮೆದುಳು ಎಂದು ಹನ್ನೆರಡು ತುಣುಕುಗಳನ್ನು ಏಳೇ ನಿಮಿಷದಲ್ಲಿ ಬಿಡಿಸಿ, ಹೊಗೆಯಾಡುವ ದ್ರವ ಸಾರಜನಕಕ್ಕೆ ಹಾಕಿಬಿಡುತ್ತಿದ್ದಳು. ತಡವಾದರೆ ಆರ್‌ಎನ್‌ಎ ಚೂರುಚೂರಾಗುತ್ತದೆ. ಅದೇನೆಂದು ನನಗೆ ತಿಳಿಸಿದವಳೂ ಅವಳೇ. "ಎಲ್ಲಾ ಜೀವಕೋಶದಲ್ಲೂ ಇರೋದು ಒಂದೇ ಪುಸ್ತಕ ಕಣೋ. ಲಿವರ್ ತನಗೆ ಬೇಕಾದ ಪುಟ ನಕಲು ಮಾಡ್ಕೊಳ್ಳುತ್ತೆ, ಕಿಡ್ನಿ ತನಗೆ ಬೇಕಾದ್ದು. ಆ ನಕಲು ಚೀಟಿನೇ ಆರ್‌ಎನ್‌ಎ. ಮೆಷಿನ್ ಚೀಟಿ ಎಣಿಸುತ್ತೆ. ಯಾವ ಅಂಗ ಯಾವ ಪುಟವನ್ನ ಎಷ್ಟು ಓದ್ತಿದೆ ಅಂತ ಗೊತ್ತಾಗುತ್ತೆ."

ತುಣುಕು ಹಾಕಿದ ಪ್ರತಿ ಕೊಳವೆಯ ಪಕ್ಕದ ಬಿಳಿ ಪಟ್ಟಿಯ ಮೇಲೆ ಅವಳು ಪೆನ್ಸಿಲಿನಲ್ಲೇ ಬರೆಯುತ್ತಿದ್ದಳು. ಪೆನ್ನಿನ ಅಕ್ಷರ ಸ್ಪಿರಿಟ್ ತಾಗಿದರೆ ಹೋಗುತ್ತದೆ, ಪೆನ್ಸಿಲಿನದು ಹೋಗುವುದಿಲ್ಲ. ಹೊಸಬರಿಗೆಲ್ಲ ಮೊದಲ ದಿನವೇ ಈ ಪಾಠ. ಕೇಳಿಸಿಕೊಂಡು ನಕ್ಕವರೇ ಹೆಚ್ಚು.

ಇಪ್ಪತ್ಮೂರು ವರ್ಷ ಅವಳಿಗೆ ಸಿಕ್ಕಿದ್ದು ಪ್ರಬಂಧಗಳ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, 'ಪ್ರಯೋಗಾಲಯದ ಸಿಬ್ಬಂದಿಗೆ ವಂದನೆಗಳು' ಎಂಬ ಒಂದು ಸಾಲು. ಅವಳ ಗಂಡ ದರ್ಜಿ. "ನಾನು ಹೊಲಿದ ಅಂಗಿಯ ಕಾಲರಲ್ಲಿ ನನ್ನ ಹೆಸರಿನ ಪಟ್ಟಿ ಇರುತ್ತೆ. ನಿಂದು ಎಲ್ಲಿದೆ ತೋರಿಸು ನೋಡೋಣ" ಎಂದು ಊಟಕ್ಕೆ ಕೂತಾಗಲೆಲ್ಲ ರೇಗಿಸುತ್ತಿದ್ದ. ಅದಕ್ಕೇ, ಇಲಿಯಲ್ಲೂ ಮೊಲದಲ್ಲೂ ಹನ್ನೆರಡು ಅಂಗಗಳನ್ನು ಹೋಲಿಸುವ ದೊಡ್ಡ ಕೆಲಸ ಶುರುವಾದಾಗ, "ಈ ಸಲ ನಿಮ್ಮ ಹೆಸರು ಲೇಖಕರ ಸಾಲಲ್ಲೇ ಇರುತ್ತೆ" ಎಂದು ಪ್ರೊಫೆಸರ್ ಮಾತು ಕೊಟ್ಟದ್ದು ಅವಳಿಗೆ ಸಣ್ಣ ವಿಷಯವಾಗಿರಲಿಲ್ಲ. ಆ ಸಂಜೆ ಗಂಡನಿಗೆ ಹೇಳಿದಳಂತೆ. ಅವನು ಕತ್ತರಿ ಕೆಳಗಿಟ್ಟು, "ನಿಜಾನಾ?" ಎಂದನಂತೆ.

ಆ ಕೆಲಸಕ್ಕೆಂದು ಬಂದ ಸಂಶೋಧಕಿಯನ್ನು ಅಕ್ಕ ಪುಟ್ಟಿ ಎಂದು ಕರೆಯುತ್ತಿದ್ದಳು. ಕೈಗವಸು ಹಾಕುವುದರಿಂದ ಹಿಡಿದು ಎಲ್ಲ ಕಲಿಸಿದಳು. ಪುಟ್ಟಿಗೆ ಜ್ವರ ಬಂದಾಗ ಒಂದು ವಾರ ಮನೆಯಲ್ಲಿಟ್ಟುಕೊಂಡು ಗಂಜಿ ಕುಡಿಸಿದಳು. ಪುಟ್ಟಿಯೂ ಅಷ್ಟೇ, ಮಾತಿಗೊಮ್ಮೆ "ಅಕ್ಕಾ, ಅಕ್ಕಾ" ಎನ್ನುತ್ತ ಹಿಂದೆಮುಂದೆ ಸುತ್ತುತ್ತಿದ್ದಳು.

ತುಣುಕುಗಳಿಂದ ಆರ್‌ಎನ್‌ಎ ತೆಗೆದು ಹೊಸ ಕೊಳವೆಗೆ ತುಂಬಿದವಳು ಪುಟ್ಟಿ. ಎಣಿಕೆ ಬಂದಾಗ ನೋಡಿದರೆ ಎರಡು ಮೊಲಗಳ ಲೆಕ್ಕ ತಲೆಕೆಳಗು. ಕಿಡ್ನಿ ಎಂದು ಬರೆದಿದ್ದ ಕೊಳವೆಯ ತುಂಬ ಲಿವರಿನದೇ ಚೀಟಿಗಳು, ಲಿವರಿನದರಲ್ಲಿ ಕಿಡ್ನಿಯವು. ಎರಡು ತಿಂಗಳ ಕೆಲಸ ಮತ್ತೆ ಮೊದಲಿಂದ. ಪ್ರೊಫೆಸರ್ ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿ, "ಎಲ್ಲಿ ಅದಲುಬದಲಾಯ್ತು?" ಎಂದರು.

ಪುಟ್ಟಿ ತಲೆ ಎತ್ತಲಿಲ್ಲ. "ಕೊಳವೆಗಳಿಗೆ ಹೆಸರು ಬರೆದೋರು ಅಕ್ಕ ಸರ್" ಎಂದಳು.

ಅಕ್ಕ ಅವಳ ಮುಖವನ್ನೇ ನೋಡುತ್ತ ಕೂತಳು. ಇಪ್ಪತ್ಮೂರು ವರ್ಷದಲ್ಲಿ ಒಂದು ಕೊಳವೆಯೂ ತಪ್ಪದ ಕೈಯದು, ನನಗೆ ಮೈಯೆಲ್ಲ ಉರಿದುಹೋಯಿತು.

ಮಾರನೆಯ ದಿನ ಬೆಳಿಗ್ಗೆ ಅವಳು ನನ್ನನ್ನು ಡೀಪ್ ಫ್ರೀಜರಿನ ಬಳಿಗೆ ಕರೆದಳು. ಮಂಜು ಕೆರೆದು ಡಬ್ಬಿ ಹೊರತೆಗೆದೆವು. ಉಳಿದ ತುಣುಕುಗಳ ಹಳೆಯ ಕೊಳವೆಗಳ ಮೇಲೆ ಅವಳ ಪೆನ್ಸಿಲಿನ ಬರಹ ನಿನ್ನೆ ಬರೆದ ಹಾಗಿತ್ತು. ಮೊಲ, ಎರಡು, ಲಿವರ್. ಒಳಗಿದ್ದದ್ದೂ ಲಿವರೇ, ಕಡುಗೆಂಪು, ಕಣ್ಣಿಗೆ ಗೊತ್ತಾಗುವಂಥದ್ದು. ಪುಟ್ಟಿಯ ಹೊಸ ಕೊಳವೆಗಳ ಮುಚ್ಚಳದ ಮೇಲೆ ಮಾತ್ರ ನೀಲಿ ಶಾಯಿ ಹರಡಿಕೊಂಡಿತ್ತು. ಅದರ ಮೇಲೆ ಹೊಸದಾಗಿ ತಿದ್ದಿ ಬರೆದ ಅಕ್ಷರ. ಪೆನ್ನಿನಲ್ಲಿ ಬರೆದಿದ್ದಾಳೆ, ಸ್ಪಿರಿಟಿನಲ್ಲಿ ಒರೆಸುವಾಗ ಅಳಿಸಿಹೋಗಿದೆ, ನೆನಪಿನ ಮೇಲೆ ಮತ್ತೆ ಬರೆದಿದ್ದಾಳೆ.

ಹಳೆಯ, ಹೊಸ ಕೊಳವೆಗಳೆರಡನ್ನೂ ಮಂಜುಗಡ್ಡೆಯ ಬುಟ್ಟಿಯಲ್ಲಿಟ್ಟುಕೊಂಡು ಅಕ್ಕ ಪ್ರೊಫೆಸರ್ ಕೋಣೆಗೆ ಹೋದಳು. ಬಾಗಿಲಲ್ಲಿ ನಾನಿದ್ದೆ. ಅವರು ಕೊಳವೆಗಳನ್ನು ಮುಟ್ಟಲೂ ಇಲ್ಲ.

"ಗೊತ್ತು" ಎಂದರು. "ನಿನ್ನೆ ಸಂಜೆನೇ ಬಂದು ಅತ್ಲು. ಅವಳದು ಇನ್ನೂ ಶುರು. ಬೇರೆ ಕಡೆ ಕೆಲಸ ಸಿಗೋ ಹೊತ್ತು, ಈಗ ಹೆಸರು ಕೆಟ್ರೆ ಮುಗೀತು. ನಿಮಗೇನು, ಇನ್ನೆರಡು ವರ್ಷಕ್ಕೆ ನಿವೃತ್ತಿ. ದೊಡ್ಡ ಮನಸ್ಸು ಮಾಡಿ."

"ನನ್ನ ಹೆಸರು?"

"ತಪ್ಪು ನಿಮ್ಮದು ಅಂತ ಎಲ್ರಿಗೂ ಗೊತ್ತಾದ ಮೇಲೆ ಹೇಗೆ ಹಾಕ್ಲಿ ಹೇಳಿ?"

ಬುಟ್ಟಿ ಹಿಡಿದು ವಾಪಸು ಬಂದವಳು, ಮಂಜು ಕರಗುವ ಮುಂಚೆ ಕೊಳವೆಗಳನ್ನು ಅವುಗಳ ಜಾಗದಲ್ಲೇ ಇಟ್ಟಳು. ಮೊಲಗಳ ಕೆಲಸವನ್ನೂ ಮತ್ತೊಮ್ಮೆ ಅವಳೇ ಮಾಡಿಕೊಟ್ಟಳು. ಅದು ನನಗೆ ಇವತ್ತಿಗೂ ಸಹಿಸಲಾಗದ ವಿಷಯ.

ಪ್ರಬಂಧ ಅಚ್ಚಾಯಿತು. ಪುಟ್ಟಿಗೆ ದೂರದಲ್ಲಿ ಕೆಲಸವೂ ಸಿಕ್ಕಿತು. ಹೊರಡುವ ದಿನ ಪ್ರಬಂಧದ ಒಂದು ಪ್ರತಿ ಹಿಡಿದು ಬಂದು, "ಅಕ್ಕಾ, ಆಶೀರ್ವಾದ ಮಾಡಿ" ಎಂದು ಬಗ್ಗಿದಳು. ಅಕ್ಕ ಲೇಖಕರ ಸಾಲನ್ನು ಬೆರಳಿಟ್ಟು ಮೊದಲಿಂದ ಕೊನೆಯವರೆಗೆ ಓದಿದಳು. ಒಂಬತ್ತು ಹೆಸರು. ಇಲ್ಲವೆಂದು ಗೊತ್ತಿದ್ದೂ ಓದಿದಳು. ಆಮೇಲೆ ಪುಟ್ಟಿಯ ಭುಜ ಹಿಡಿದು ಮೇಲಕ್ಕೆತ್ತಿದಳು.

"ಪುಟ್ಟಿ, ಅವತ್ತು ಒಂದು ಮಾತು ಮೊದ್ಲೇ ನನ್ನ ಕಿವಿಗೆ ಹಾಕಿದ್ದಿದ್ರೆ, ತಪ್ಪು ನಂದು ಅಂತ ನಾನೇ ಹೇಳ್ತಿದ್ನಲ್ಲೇ."

ಪುಟ್ಟಿ ಅಳತೊಡಗಿದಳು. ಅಕ್ಕ ಕೈಗವಸು ಹಾಕಿಕೊಂಡು, ಇಲಿ ತಾ ಎಂದು ನನಗೆ ಸನ್ನೆ ಮಾಡಿದಳು.